ಕೀಬೋರ್ಡಿಗೆ ಕೊಬ್ಬರಿ ಎಣ್ಣೆ

ಆ ಚಳಿಗಾಲದಲ್ಲಿ ನನ್ನ ಬಲಗೈ ಕಿರುಬೆರಳು ಜೋಮು ಹಿಡಿಯತೊಡಗಿತು. ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಸ್ವಲ್ಪ ಹೊತ್ತು ಟೈಪ್ ಮಾಡಿದರೆ ಸಾಕು, ಬೆರಳು ಬೇರೆ ಯಾರದೋ ಅನ್ನಿಸುತ್ತಿತ್ತು. ಕೈಗೆ ವಿಶ್ರಾಂತಿ ಕೊಡಿ ಎಂದರು ಡಾಕ್ಟರು. ಪರದೇಶದ ಈ ಹರ್ನ್‌ಡನ್ ಊರಿನಲ್ಲಿ ನನ್ನಂಥ ಕಾಂಟ್ರಾಕ್ಟ್ ಕೆಲಸದವನ ವೀಸಾ ಇರುವುದು ಪಾಸ್‌ಪೋರ್ಟಿನಲ್ಲಲ್ಲ, ಬೆರಳಲ್ಲಿ ಎಂಬುದು ಅವರ ಓದಿನಲ್ಲಿ ಬಂದಿರಲಿಕ್ಕಿಲ್ಲ. ಸೋಮವಾರ ಬೆಳಿಗ್ಗೆ ಕ್ಲೈಂಟಿನವರ ಕಣ್ಣೆದುರೇ ಕೋಡ್ ತಿದ್ದಿ ತೋರಿಸಬೇಕಿತ್ತು. ಕಾಂಟ್ರಾಕ್ಟ್ ಮುಂದುವರಿಸುವ ಮಾತು ಅದಾದ ಮೇಲೆ.

ಕಮ್ಮಿಂಗ್ ಊರಿನಲ್ಲಿರುವ ನನ್ನ ಷಡ್ಡಕನಿಗೆ ಕೀಬೋರ್ಡಿನ ಹುಚ್ಚು. ತನ್ನ ಹಳೆಯದೊಂದನ್ನು ಕಳಿಸಿ, ಹಗುರದ ಸ್ವಿಚ್ ಹಾಕಿಕೊಳ್ಳಿ ಎಂದಿದ್ದ. ಸ್ವಿಚ್ ಎಂದರೆ ಪ್ರತಿ ಕೀಲಿಯ ಕೆಳಗೆ ಕೂರುವ, ಒಳಗೆ ಸ್ಪ್ರಿಂಗ್ ಇರುವ ಪುಟ್ಟ ಡಬ್ಬಿ. ಸಿಕ್ಕ ವಿಮರ್ಶೆಗಳನ್ನೆಲ್ಲ ಓದಿ ತರಿಸಿದೆ. ಶುಕ್ರವಾರ ಬಂತು. ಸ್ವಿಚ್ಚಿಗೆ ಐದು ಕಾಲು, ಬೋರ್ಡಿನಲ್ಲಿ ಮೂರೇ ತೂತು. ಅಷ್ಟೆಲ್ಲ ಓದಿದವನು ಕಾಲು ಎಣಿಸಿರಲಿಲ್ಲ.

“ಟೆನ್ಷನ್ ಬೇಡ ಭಾವ,” ಎಂದ ಷಡ್ಡಕ ಫೋನಿನಲ್ಲಿ. “ಪ್ಲಾಸ್ಟಿಕ್ ಕಾಲೆರಡು ಸುಮ್ನೆ ಸಪೋರ್ಟಿಗೆ. ನೈಲ್ ಕಟರಲ್ಲಿ ಕಟ್ ಮಾಡಿ ಬಿಸಾಕಿ. ಆದ್ರೆ ಗ್ರೀಸ್ ಹಚ್ಚದೆ ಹಾಕ್ಬೇಡಿ, ಗರಗರ ಅನ್ನತ್ತೆ.”

ಕತ್ತರಿಸಲು ಕೂತೆ. ಹೆಂಡತಿ ಆಗತಾನೇ ದೇವರಿಗೆ ದೀಪ ಹಚ್ಚಿ ಬಂದಳು.

“ಶುಕ್ರವಾರ ದೀಪ ಹಚ್ಚಿದ್ಮೇಲೆ ನೈಲ್ ಕಟರಾ?”

“ಉಗುರಲ್ಲ ಕಣೇ, ಸ್ವಿಚ್ಚು.”

“ಲಕ್ಷ್ಮಿಗೆ ಅದೆಲ್ಲ ಎಕ್ಸ್‌ಪ್ಲೇನ್ ಮಾಡ್ತೀರಾ?”

ಲಕ್ಷ್ಮಿಯ ವಿಷಯದಲ್ಲಿ ಧೈರ್ಯ ಮಾಡುವ ಸ್ಥಿತಿ ನನ್ನದಾಗಿರಲಿಲ್ಲ. ಶನಿವಾರ ಕತ್ತರಿಸಿದೆ. ಗ್ರೀಸ್ ಬರುವುದು ಮಂಗಳವಾರವಂತೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇತ್ತು. ಬಾಟಲಿಯಲ್ಲಿ ಕಲ್ಲಾಗಿದ್ದುದನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಭಾನುವಾರವಿಡೀ ಒಂದೊಂದೇ ಸ್ವಿಚ್ ಬಿಚ್ಚಿ ಹಚ್ಚಿದೆ. ಕರಗಿಸುವಾಗಲೂ ನನಗೇನೂ ಹೊಳೆಯಲಿಲ್ಲ. ಇಷ್ಟು ಚಿಂತೆ ಮಾಡುವವನಿಗೆ ಚಿಂತೆ ಮಾಡಬೇಕಾದದ್ದೊಂದೇ ಹೊಳೆಯುವುದಿಲ್ಲ.

ಸಂಜೆ ಕೀಲಿಗಳು ನೀರಿನಂತೆ ಆಡಿದವು. ಸೋಮವಾರ ಬೆಳಿಗ್ಗೆ ಆನ್‌ಲೈನ್ ಮೀಟಿಂಗಿನಲ್ಲಿ ಮೊದಲ ಕೀಲಿ ಒತ್ತಿದೆ. ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಪರದೆಯ ತುಂಬ ಒಂದೇ ಅಕ್ಷರ ಓಡಿತು. ಎಣ್ಣೆ ಮತ್ತೆ ಹೆಪ್ಪುಗಟ್ಟಿತ್ತು. ಲ್ಯಾಪ್‌ಟಾಪಿನಲ್ಲೇ ಕುಟ್ಟಿದೆ, ಎರಡು ಸಾಲಿಗೆ ಬೆರಳು ಸತ್ತುಹೋಯಿತು. ಮ್ಯೂಟ್ ಮಾಡಿ ಹೆಂಡತಿಯನ್ನು ಕೂಗಿದೆ.

ಅವಳು ಹೇರ್ ಡ್ರೈಯರ್ ಹಿಡಿದು ಬಂದಳು. “ನಾನು ಕರಗಿಸ್ತೀನಿ, ನೀವು ಏನಾದ್ರೂ ಮಾತಾಡ್ತಿರಿ.”

ಮಾತಾಡಿದೆ. ಏನು ಸದ್ದು ಎಂದು ಕ್ಲೈಂಟ್ ಕೇಳಿದಾಗ ಹೀಟರ್ ಎಂದೆ. ಕೀಲಿಗಳು ಒಂದೊಂದಾಗಿ ಎದ್ದವು. ಕೋಡ್ ಹೇಗೋ ಓಡಿತು. ತಿಳಿಸುತ್ತೇವೆ ಎಂದು ಅವರು ಹೊರಟುಹೋದರು.

“ಆಫ್ ಮಾಡ್ಲಾ? ಕರಗ್ತಲ್ಲ,” ಎಂದಳು.

“ಕೀಬೋರ್ಡಿಂದೇನೋ ಕರಗ್ತು,” ಎಂದೆ. ಕಿರುಬೆರಳು ಮಡಚುತ್ತಿರಲಿಲ್ಲ.

ಅವಳು ನನ್ನ ಕೈ ನೋಡಿದಳು. ಡ್ರೈಯರನ್ನು ಅದರತ್ತ ತಿರುಗಿಸಿದಳು.