ಜ್ವಾಲಾಮುಖಮ್ಮನ ಬಳೆ ಅಳತೆ

ಊರ್ಡಿಗೆರೆಯ ಪುಟ್ಟತಾಯಮ್ಮನಿಗೆ ಭೂಗೋಳದೊಂದಿಗೆ ಯಾವ ಜಗಳವೂ ಇರಲಿಲ್ಲ, ಪರಿಚಯವಿದ್ದರಲ್ಲವೇ ಜಗಳ! ತುಮಕೂರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮಗಳು ಪ್ರಮೀಳಾ ಜಾವಾ ಪ್ರವಾಸದ ಕರಪತ್ರ ತಂದಿಟ್ಟಾಗ ಅವಳು ಕನ್ನಡಕವೇರಿಸಿ ಓದಿದ್ದು ಒಂದೇ ಸಾಲು: ‘ಬ್ರೋಮೋ ಜ್ವಾಲಾಮುಖಿ ದರ್ಶನ’. ದರ್ಶನವೆಂದ ಮೇಲೆ ದೇವರು. ಮುಖಿಯೆಂದ ಮೇಲೆ ಹೆಣ್ಣುದೇವರು. ಬ್ರೋಮೋ ಎಂಬುದು ಬ್ರಹ್ಮನ ಕಡೆಯ ನೆಂಟಸ್ತಿಕೆ ಇರಬೇಕು. ಮರುದಿನವೇ ಬೀದಿಯ ಹೆಂಗಸರು ಜ್ವಾಲಾಮುಖಮ್ಮನಿಗೆಂದು ಮಡಿಲಕ್ಕಿ ಕಟ್ಟತೊಡಗಿದರು: ಅಕ್ಕಿ, ಬೆಲ್ಲ, ಕೊಬ್ಬರಿ ಗಿಟಕು, ರವಿಕೆ ಕಣ, ಬಳೆ.

ಎಲ್ಲರಿಗಿಂತ ಕೊನೆಗೆ ಬಂದವಳು ಓರಗಿತ್ತಿ ಚಿಕ್ಕಮಾರಮ್ಮ. ಕಾಶಿಗೆ ಹೋಗಿಬಂದ ಮೇಲೆ ಆಕೆ ಯಾವ ಮಾತನ್ನೂ ಕಾಶಿಯಿಂದಲ್ಲದೆ ಆರಂಭಿಸುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿಯನ್ನು ಗಂಗೆಯಲ್ಲಿ ಬಿಟ್ಟುಬಂದು, ಅದನ್ನೇ ತ್ಯಾಗವೆಂದು ಸಾರುತ್ತಿದ್ದವಳು. ಒಂದು ಡಜನ್ ಹಸಿರು ಬಳೆಯನ್ನು ಮುಂದಕ್ಕೆ ತಳ್ಳಿದಳು.

“ಅದ್ಯಾವ ದೇವ್ರೇ ಪುಟ್ಟತಾಯಿ? ಕಾಶೀಲಿ ಯಾರೂ ಎಸ್ರೆತ್ಲಿಲ್ಲ.”

“ಕಾಶಿ ದೇವ್ರಿಗೆ ಮೊದ್ಲೇ ಜನ ಜಾಸ್ತಿ ಅಕ್ಕ. ಎಷ್ಟು ಜನದ್ ಹರಕೆ ಅಂತ ನೆನಪಿಟ್ಕೊಂಡಾನು?”

“ಆಗ್ಲಿ ಬುಡು. ಅಮ್ಮನ ಮಡ್ಲಿಗೇ ಬೀಳ್ಬೇಕು. ಬೀಳ್ದೆ ವಾಪಸ್ ತಂದ್ಯೋ, ದೇವ್ರು ಸಿಗ್ದೋಳು ಅಂತ್ಲೇ ಈ ಬೀದೀಲಿ ನಿನ್ನ ಕೂಗೋದು.”

ಈ ಮಾತು ಗಂಟಿಗಿಂತ ಭಾರವಾಗಿತ್ತು. ವಿಮಾನ ನಿಲ್ದಾಣದಲ್ಲಿ ಗಂಟು ಬಿಚ್ಚಿಸಿದವನು, ಬೆಂಕಿ ಹತ್ತುವ ವಸ್ತುವೆಂದು ಕೊಬ್ಬರಿಯನ್ನು ತೆಗೆದಿಟ್ಟ. “ನಾವು ಹೋಯ್ತಿರೋದೇ ಬೆಂಕಿ ತಾವ್ಕೆ ಕಣಪ್ಪ” ಎಂದರೂ ಕೇಳಲಿಲ್ಲ. ಉಳಿದದ್ದು ಸಮುದ್ರ ದಾಟಿತು.

ನಸುಕಿನಲ್ಲಿ ಜೀಪು ಇಳಿದದ್ದು ಒಂದು ಬೂದಿಯ ಬಯಲಿಗೆ. ಲೋಕದ ಒಲೆಗಳನ್ನೆಲ್ಲ ಬಗೆದು ತಂದು ಸುರಿದಂತಿತ್ತು. ನಡುವೆ ಬಾಯ್ತೆರೆದ ಬೆಟ್ಟ, ಅದರ ಬಾಯಿಂದ ಹೊಗೆ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಪ್ರಮೀಳಾ ಬಾಯಿಬಿಟ್ಟಳು.

“ಅಮ್ಮಾ, ಜ್ವಾಲಾಮುಖಿ ಅಂದ್ರೆ ದೇವ್ರಲ್ಲ. ಬೆಂಕಿ ಕಾರೋ ಬೆಟ್ಟ.”

“ಊರಲ್ಲೇ ಹೇಳಾಕೆ ನಿನ್ ಬಾಯಿಗೇನಾಗಿತ್ತು?”

“ಹೇಳಿದ್ರೆ ಬರ್ತಿದ್ಯಾ?”

ಪುಟ್ಟತಾಯಮ್ಮ ಗಂಟನ್ನು ಅವುಚಿಕೊಂಡಳು. ಕಣ್ಣಮುಂದೆ ಬೆಟ್ಟವಿರಲಿಲ್ಲ, ಚಿಕ್ಕಮಾರಮ್ಮನಿದ್ದಳು.

ಪ್ರವಾಸದ ಮ್ಯಾನೇಜರ್ ವಾದಿರಾಜ ಸಮಾಧಾನಕ್ಕಿಳಿದ. ಇಲ್ಲಿನ ತೆಂಗರ್ ಜನರೂ ಹಿಂದೂಗಳೇ, ಬ್ರೋಮೋ ಎಂದರೆ ಬ್ರಹ್ಮನೇ, ಪಕ್ಕದ ಬೆಟ್ಟದ ಗುಹೆಯಲ್ಲಿ ತೊಟ್ಟಿಕ್ಕುವ ನೀರು ಇವರಿಗೆ ತೀರ್ಥ ಎಂದ. ಗುಹೆಯೆಂದೊಡನೆ ಅವಳು ಚೇತರಿಸಿಕೊಂಡಳು. ದೇವಿಯರು ಗುಹೆಯಲ್ಲಿರುವುದು ವಾಡಿಕೆ. ಏದುಸಿರು ಬಿಡುತ್ತ ಹತ್ತಿ ನೋಡಿದರೆ ಒದ್ದೆ ಬಂಡೆ, ಉರಿದು ಮುಗಿದ ಊದುಬತ್ತಿ, ತೊಟ್ಟಿಕ್ಕುವ ನೀರು.

“ನೀರೈತೆ. ನೀರಿನ್ ಒಡ್ತಿ ಎಲ್ಲಿ?”

ವಾದಿರಾಜ ಅಲ್ಲಿಯ ಕಥೆ ಹೇಳಿದ. ಮಕ್ಕಳಿಲ್ಲದ ರಾಣಿಯೊಬ್ಬಳು ಬೆಟ್ಟವನ್ನು ಬೇಡಿ ಇಪ್ಪತ್ತೈದು ಮಕ್ಕಳನ್ನು ಪಡೆದಳು. ಕೊನೆಯವನನ್ನು ಬೆಂಕಿ ಹಿಂದಕ್ಕೆ ಕೇಳಿತು. ಆ ನೆನಪಿಗೆ ಇಂದಿಗೂ ಹಬ್ಬದಲ್ಲಿ ತರಕಾರಿ, ಕೋಳಿ, ಕುರಿಗಳನ್ನು ಬೆಟ್ಟದ ಬಾಯಿಗೆ ಎಸೆಯುತ್ತಾರೆ. ಕೆಲವರು ಒಳಗಿಳಿದು, ಎಸೆದದ್ದನ್ನು ಬಲೆಯೊಡ್ಡಿ ಹಿಡಿದುಕೊಳ್ಳುತ್ತಾರೆ.

“ಇಪ್ಪತ್ತೈದು ಹೆತ್ತೋಳ್ಗೆ ಮಡ್ಲಕ್ಕಿ ಹೊಂದ್ಸೋದ್ರಲ್ಲೇ ತವ್ರುಮನೆ ಮುಳುಗಿರ್ಬೇಕು” ಎಂದಳು ಪುಟ್ಟತಾಯಮ್ಮ.

“ನೀವೂ ಮೇಲ್ಹೋಗಿ ಎಸೆದುಬಿಡಿ ಅಮ್ಮ, ಮುಗೀತು.”

“ಎಸ್ಯಾದಾ? ಪುರಿ ಎಸ್ಯೋದು ಹೆಣದ್ ಮುಂದೆ ಕಣಪ್ಪ. ಮಡ್ಲಕ್ಕೀಗೆ ಮಡ್ಲು ಬೇಕು.”

ಆದರೂ ಮೆಟ್ಟಿಲು ಹತ್ತಿದಳು. ಅಂಚಿನಲ್ಲಿ ಗಣೇಶನ ವಿಗ್ರಹ ಕಂಡದ್ದೇ ಮೊಣಕಾಲ ನೋವು ಹಾರಿಹೋಯಿತು. “ಮಗ ಬಾಗ್ಲು ಕಾಯ್ತಾವ್ನೆ ಅಂದ್ರೆ ತಾಯಿ ಒಳಗೆ ನೀರು ಹುಯ್ಕೊಳ್ತಾವ್ಳೆ!” ಬಗ್ಗಿ ನೋಡಿದಳು. ಆಳದಲ್ಲಿ ಗುಡುಗುಡು ಸದ್ದು, ಮೇಲೆ ಕೊಳೆತ ಮೊಟ್ಟೆಯ ನಾತ. ಸೆರಗನ್ನು ಮೂಗಿಗೊತ್ತಿಕೊಂಡು, “ಈವಮ್ಮಂಗೆ ಮಡ್ಲಕ್ಕಿ ಅಲ್ಲ, ಜೀರಿಗೆ ಕಷಾಯ ಬೇಕು” ಎಂದು ಗಂಟಿನೊಂದಿಗೆ ಇಳಿದುಬಂದಳು.

ಕೆಳಗೆ ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಕೂತು, ಬೆಟ್ಟಕ್ಕೆ ಎಸೆಯಲೆಂದೇ ಕಟ್ಟಿದ ಒಣಹೂವಿನ ಗೊಂಚಲುಗಳನ್ನು ಮಾರುತ್ತಿದ್ದಳು. ಅವಳ ಮಂಡಿಗಳ ನಡುವೆ ಉಟ್ಟ ಬಟ್ಟೆ ತಗ್ಗಾಗಿ ಇಳಿದಿತ್ತು. ಪುಟ್ಟತಾಯಮ್ಮ ನಿಂತುಬಿಟ್ಟಳು.

“ಪ್ರಮೀ, ಮಡ್ಲು ನೋಡೇ!”

ಮಗಳು ತಡೆಯುವಷ್ಟರಲ್ಲಿ ಅರಿಸಿನ ಕುಂಕುಮ ಇಟ್ಟಾಗಿತ್ತು. ಊರ್ಡಿಗೆರೆಯ ಅಕ್ಕಿ, ಬೆಲ್ಲ, ರವಿಕೆ ಕಣಗಳೆಲ್ಲ ಆ ಅಪರಿಚಿತ ಮಡಿಲಿಗೆ ಬಿದ್ದವು. ಹೆಂಗಸು ಮೊದಲು ಬೆದರಿದಳು, ಆಮೇಲೆ ಎರಡೂ ಕೈಯಿಂದ ಬಟ್ಟೆಯನ್ನು ಅಗಲಿಸಿ ಹಿಡಿದಳು. ಬಳೆ ತೊಡಿಸುವಾಗ ಮಾತ್ರ ತೊಡಕಾಯಿತು: ಬೇರೆಯವರ ಬಳೆಗಳು ಏರಿದವು, ಚಿಕ್ಕಮಾರಮ್ಮನವು ಮಣ್ಣಗೆದು ದಪ್ಪನಾದ ಆ ಗೆಣ್ಣಿನ ಬಳಿ ನಿಂತುಬಿಟ್ಟವು. ಹೆಂಗಸು ಹಲ್ಲಿಲ್ಲದ ಸಂದು ಕಾಣುವಂತೆ ನಕ್ಕು, ಹೂವಿನದೊಂದು ಗೊಂಚಲನ್ನು ಕೈಗಿತ್ತಳು.

“ಅಮ್ಮಾ, ಅದನ್ನ ಮೇಲೆ ಎಸೀಬೇಕಂತೆ.”

“ಕೈಯಾರೆ ಕೊಟ್ಟ ಪ್ರಸಾದ ಎಸ್ಯಾಕೆ ನಂಗೇನ್ ಗ್ರಾಚಾರ?” ಎಂದು ಪುಟ್ಟತಾಯಮ್ಮ ಅದನ್ನು ತುರುಬಿಗೆ ಸಿಕ್ಕಿಸಿಕೊಂಡಳು.

ಊರಲ್ಲಿ ಚಿಕ್ಕಮಾರಮ್ಮ ಜಗಲಿಯ ಮೇಲೆ ಕಾದೇ ಕೂತಿದ್ದಳು. ಬೀದಿಯ ಹೆಂಗಸರೂ ಇದ್ದರು.

“ಬಿತ್ತೇನೇ ಮಡ್ಲಿಗೆ?”

“ಬಿತ್ತಕ್ಕ. ಮೆಟ್ಲು ತಾವೇ ಕುಂತಿದ್ಲು ಅಮ್ಮ. ಹೂ ಮಾರ್ತಾವ್ಳೆ.”

“ದೇವ್ರು ಹೂ ಮಾರ್ತಾಳಾ?”

“ದುಡ್ಕೊಂಡ್ ತಿನ್ನೋ ದೇವ್ರು ಅಕ್ಕ. ಮುಂದ್ಲ ಹಲ್ಲೊಂದಿಲ್ಲ, ಮಿಕ್ಕಂತೆ ಚೆನ್ನಾಗವ್ಳೆ. ಎಲ್ರುದ್ದೂ ಇಸ್ಕಂಡ್ಲು. ನಿನ್ ಬಳೆ ಮಾತ್ರ ಕೈಗೇರ್ಲಿಲ್ಲ. ಎರಡೂಕಾಲು ಅಳ್ತೇದು ತಂದ್ರೆ ಗೇಯೋ ಕೈಗೆ ಹೆಂಗಾಯ್ತದೆ?”

ಕಾಶಿಯ ಸುದ್ದಿ ಬರಬಹುದೆಂದು ಎಲ್ಲರೂ ಕಾದರು. ಚಿಕ್ಕಮಾರಮ್ಮ ಪುಟ್ಟತಾಯಮ್ಮನ ತುರುಬಿನ ಒಣಹೂವನ್ನು ನೋಡಿದಳು, ತನ್ನ ಮುಂಗೈಯನ್ನು ನೋಡಿಕೊಂಡಳು.

“ಎರಡೂವರೇನಾ, ಎರಡೂಮುಕ್ಕಾಲಾ?” ಎಂದಳು.