ಎಡಕ್ಕಿದ್ದ ಬಾಗಿಲು

ಯಲಹಂಕದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಫ್ರಾನ್ಸಿನ ಕ್ರಾಂತಿಯ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಚಿತ್ರ ಬರೆಯುತ್ತಿದ್ದೆ. ವರ್ಸೇಲ್ಸ್ ಅರಮನೆಯಲ್ಲಿ ರಾಣಿ ಮಲಗುತ್ತಿದ್ದ ಕೋಣೆ. ನಡುವೆ ಮಂಚ, ಮಂಚದ ಬಲಕ್ಕೆ ಗೋಡೆಯಲ್ಲೇ ಸೇರಿಹೋದಂಥ ಒಂದು ಪುಟ್ಟ ಬಾಗಿಲು. ಜನ ಅರಮನೆಗೆ ನುಗ್ಗಿದ ದಿನ ಬೆಳಗಿನ ಜಾವ ರಾಣಿ ತಪ್ಪಿಸಿಕೊಂಡದ್ದು ಆ ಬಾಗಿಲಿನಿಂದ. ಪಠ್ಯಪುಸ್ತಕದಲ್ಲಿ ಇದಿರಲಿಲ್ಲ, ಪರೀಕ್ಷೆಯಲ್ಲಿ ಯಾರೂ ಕೇಳುತ್ತಲೂ ಇರಲಿಲ್ಲ. ಆದರೂ ಬರೆಯುತ್ತಿದ್ದೆ. ಬರೆದು ಮುಗಿಸಿ ತಿರುಗುವ ಹೊತ್ತಿಗೆ ಸರಿಯಾಗಿ ವಾಯುನೆಲೆಯ ವಿಮಾನವೊಂದು ಕಿಟಕಿ ಗಾಜು ಅದುರಿಸಿಕೊಂಡು ಹೋಗುತ್ತಿತ್ತು. ಸದ್ದು ಅಡಗುವವರೆಗೆ ಮಕ್ಕಳೂ ನಾನೂ ಸುಮ್ಮನೆ ಆ ಬಾಗಿಲನ್ನೇ ನೋಡುತ್ತಿದ್ದೆವು.

ಆ ರಾಣಿಯ ದುಂದುಗಾರಿಕೆಯ ಬಗ್ಗೆ ಅಂಕ ಬರುವಷ್ಟು ಹೇಳಿ ನಾನು ಬೇರೆ ಕಡೆ ಹೊರಳಿಬಿಡುತ್ತಿದ್ದೆ. ಅವಳು ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳುವುದು ಹತ್ತು ಜನರ ಎದುರಿಗೆ. ಊಟ ಮಾಡುವಾಗ ಜನ ನಿಂತು ನೋಡುತ್ತಿದ್ದರು. ಮೊದಲ ಹೆರಿಗೆಯಂತೂ ಕಿಕ್ಕಿರಿದ ಕೋಣೆಯಲ್ಲಿ. ಕೊಡಿಗೇಹಳ್ಳಿಯ ಕೂಡುಮನೆಗೆ ಸೊಸೆಯಾಗಿ ಬಂದು, ನಾಲ್ಕು ಪುಟ ಓದಬೇಕೆಂದರೆ ಬಚ್ಚಲುಮನೆಯ ಚಿಲಕ ಹಾಕಿಕೊಳ್ಳುತ್ತಿದ್ದ ನನಗೆ ಅಂಥ ಬಾಗಿಲೊಂದರ ಬೆಲೆ ಚೆನ್ನಾಗಿ ಗೊತ್ತಿತ್ತು. ಜೀವನದಲ್ಲಿ ಒಮ್ಮೆ ಅದನ್ನು ಕಣ್ಣಾರೆ ನೋಡಬೇಕು ಅನ್ನುವುದೊಂದೇ ನನ್ನ ದೊಡ್ಡ ಆಸೆಯಾಗಿತ್ತು.

ಆ ಆಸೆ ಈಡೇರುವ ಹಾಗೆ ಮಾಡಿದವರು ನನ್ನ ಓರಗಿತ್ತಿ, ಅಂದರೆ ನನ್ನ ಭಾವನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಮನೆಯ ಮೇಲಿನ ಅಂತಸ್ತಿನಲ್ಲಿದ್ದಾರೆ, ನಮ್ಮ ಬಡಾವಣೆಯ ಭಜನಾ ಮಂಡಳಿಗೆ ಅವರೇ ಯಜಮಾನಿ. ಒಂದು ಗುರುವಾರ ಭಜನೆ ಮುಗಿದು ಕೋಸಂಬರಿ ಹಂಚುವಾಗ, "ಈ ಸಲ ಕಾಶಿ ಬೇಡ, ಯುರೋಪಿಗೆ ಹೋಗೋಣ ಕಣ್ರೇ" ಎಂದುಬಿಟ್ಟರು. ಹದಿನೆಂಟು ಹೆಂಗಸರು ಸೇರಿದರು. ಮೂರು ಅರಮನೆಗಳು, ಕೊನೆಯದು ವರ್ಸೇಲ್ಸ್. ಹೊರಡುವ ಮುಂಚೆ ಆರು ಗುರುವಾರ ನಾನೇ ಎಲ್ಲರಿಗೂ ಅರಮನೆಗಳ ಇತಿಹಾಸ ಹೇಳಿದೆ. ವಿಮಾನ ನಿಲ್ದಾಣಕ್ಕೆ ಹೋಗುವಾಗ ಹುಣಸಮಾರನಹಳ್ಳಿ ದಾಟುತ್ತಿದ್ದಂತೆ ಎಲ್ಲರೂ ಗೋವಿಂದಾ ಅಂದರು. ನಾನೂ ಅಂದೆ, ಬಹಳ ಜೋರಾಗಿಯೇ.

ನಮ್ಮ ಮಂಡಳಿಯವರು ಹೊರಗಿನ ಊಟ ಮುಟ್ಟುವವರಲ್ಲ. ಎಲ್ಲರೂ ಮನೆಯಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಬಂದಿದ್ದರು. ದಿನಾ ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ, ವಾಸನೆ ಹೋಗಲಿ ಅಂತ ಕಿಟಕಿ ತೆರೆದಿಟ್ಟು, ಪುಟ್ಟ ಕರೆಂಟ್ ಕುಕ್ಕರಿನಲ್ಲಿ ಅನ್ನ ಮಾಡಿ ಕಲಸಿ ಸ್ಟೀಲ್ ಡಬ್ಬಿಗಳಿಗೆ ತುಂಬುತ್ತಿದ್ದರು. ಹೀಗೆ ಹನ್ನೊಂದು ಊಟದ ಚೀಲಗಳು. ಮೊದಲನೆಯ ಅರಮನೆ ವಿಯೆನ್ನಾದ್ದು. ದೊಡ್ಡ ಚೀಲಗಳನ್ನು ಒಳಗೆ ತರುವಂತಿಲ್ಲ, ಇಲ್ಲೇ ಪಕ್ಕದಲ್ಲಿ ಇಟ್ಟು ಚೀಟಿ ತಗೊಳ್ಳಿ ಎಂದರು ಬಾಗಿಲಿನವರು. ಅಕ್ಕ ಒಪ್ಪಲಿಲ್ಲ. "ಅಲ್ಲಿ ಯಾರ್ಯಾರ ಚೀಲದಲ್ಲಿ ಏನೇನ್ ಇರುತ್ತೋ ಏನೋ. ಅದ್ರ ಜೊತೆ ನಮ್ಮ ಅನ್ನ ಇಡೋದಾ? ಮಡೀಲಿ ಮಾಡಿದ್ದು!" ಹದಿನೆಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು.

ಆಗ ಬಾಯಿ ಬಿಟ್ಟವಳು ನಾನು. "ಇರ್ಲಿ ಬಿಡಿ, ನಾನಿಲ್ಲೇ ಕೂತಿರ್ತೀನಿ, ನೀವೆಲ್ಲ ನೋಡ್ಕೊಂಡ್ ಬನ್ನಿ" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಹಾಳು ದಾಕ್ಷಿಣ್ಯ ನನ್ನದು. ಒಂದು ಅರಮನೆ ಬಿಟ್ಟರೆ ಇನ್ನೂ ಎರಡಿದೆಯಲ್ಲ, ನಾಳೆ ಇನ್ನೊಬ್ಬರು ಕೂರುತ್ತಾರೆ ಎಂದುಕೊಂಡಿದ್ದೆ. ಎರಡನೆಯ ಅರಮನೆಯ ಮುಂದೆ ಬಸ್ಸು ನಿಂತಾಗ ಯಾರೂ ಏನೂ ಮಾತಾಡದೆ, ಒಬ್ಬೊಬ್ಬರಾಗಿ ಇಳಿದು ಬಂದು, ನನ್ನ ಕಾಲ ಬಳಿ ಚೀಲ ಇಟ್ಟು ಹೋದರು. ಒಬ್ಬರು ಮಾತ್ರ ಸಮಾಧಾನ ಹೇಳಿದರು. "ನಿಮಗೇನ್ ಟೀಚರ್, ಎಲ್ಲಾ ಗೊತ್ತಿರೋದೇ ಅಲ್ವಾ? ನೋಡ್ಬೇಕಾಗಿರೋದು ಏನೂ ಗೊತ್ತಿಲ್ದೇ ಇರೋ ನಾವು."

ಅದು ಹೊಗಳಿಕೆ. ಸಿಟ್ಟು ಮಾಡಿಕೊಳ್ಳುವುದಕ್ಕೂ ಆಸ್ಪದವಿಲ್ಲದ ಹೊಗಳಿಕೆ.

ಪ್ಯಾರಿಸಿಗೆ ಹೋಗುವ ಬಸ್ಸಿನಲ್ಲಿ ಧೈರ್ಯ ಮಾಡಿ ಅಕ್ಕನ ಪಕ್ಕ ಹೋಗಿ ಕೂತೆ. "ಅಕ್ಕಾ, ನಾಳೆ ನಾನು ಒಳಗೆ ಹೋಗ್ತೀನಿ."

"ಹೋಗೇ, ಯಾರ್ ಬೇಡ ಅಂದ್ರು?" ಎಂದು ಅಕ್ಕ ನನ್ನ ಕೈಗೆ ಒಂದು ಕೋಡುಬಳೆ ಇಟ್ಟರು. ನನಗೆ ಎಷ್ಟು ಖುಷಿಯಾಯಿತೆಂದರೆ ಅವರ ಮೇಲಿದ್ದ ಇಪ್ಪತ್ತು ವರ್ಷದ ಮುನಿಸು ಅಲ್ಲೇ ಇಳಿದುಹೋಯಿತು.

ಮರುದಿನ ವರ್ಸೇಲ್ಸಿನ ಬಂಗಾರದ ಬಣ್ಣದ ಗೇಟಿನ ಮುಂದೆ, ಇವತ್ತು ಚೀಲ ಯಾರು ಕಾಯುವುದು ಎಂಬ ಮಾತು ಬಂದಾಗ, ಒಬ್ಬರಿಗೆ ಮಂಡಿನೋವು. ಚಳಿಯಲ್ಲಿ ಕೂರಲಾಗದು, ನಡೆಯುತ್ತಿದ್ದರೆ ವಾಸಿ. ಇನ್ನೊಬ್ಬರು ಮಗಳಿಗೆ ವಿಡಿಯೋ ತೋರಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ಮತ್ತೊಬ್ಬರಿಗೆ ಭಾಷೆ ಬರುವುದಿಲ್ಲ, ಒಬ್ಬರೇ ಕೂರಲು ಭಯ. ಟಿಕೆಟ್ಟಿನಲ್ಲಿ ಬರೆದಿದ್ದ ಸಮಯ ಹತ್ತಿರವಾಗುತ್ತಿತ್ತು. "ಟೀಚರ್, ನಾವಿಬ್ರು ಅರ್ಧ ಗಂಟೇಲಿ ವಾಪಸ್ ಬಂದ್ಬಿಡ್ತೀವಿ, ಆಮೇಲೆ ನೀವು ಆರಾಮಾಗಿ ಹೋಗಿ" ಎಂದರು ಇಬ್ಬರು. ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಗುಂಪನ್ನು ಎಣಿಸುತ್ತಿದ್ದರು. ನಾನು "ಆಗ್ಲಿ" ಎಂದೆ.

ಅಂಗಳದ ಅಂಚಿನಲ್ಲಿ ಒಂದು ಕಲ್ಲುಕಟ್ಟೆಯ ಮೇಲೆ ಕೂತೆ, ಸುತ್ತ ಹನ್ನೊಂದು ಚೀಲ. ಕ್ರಾಂತಿಯ ಕಾಲದಲ್ಲಿ ಪ್ಯಾರಿಸಿನಿಂದ ಮಳೆಯಲ್ಲಿ ನಡೆದುಬಂದ ಮಾರುಕಟ್ಟೆಯ ಹೆಂಗಸರು ರೊಟ್ಟಿ ಕೊಡಿ ಎಂದು ಕೂಗುತ್ತಾ ನಿಂತದ್ದು ಈ ಅಂಗಳದಲ್ಲೇ. ಇದನ್ನು ಆರು ಗುರುವಾರಗಳಲ್ಲಿ ಒಂದು ಗುರುವಾರ ಪೂರ್ತಿ ವರ್ಣಿಸಿದ್ದೆ. ಈಗ ಅದೇ ಜಾಗದಲ್ಲಿ ನಾನು ಪುಳಿಯೋಗರೆ ಕಾಯುತ್ತಿದ್ದೆ. ನಗು ಬಂತು. ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆ ಕಳೆಯಿತು. ಒಮ್ಮೆ ಎದ್ದು, ಟಿಕೆಟ್ಟು ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ಹೋದೆ. ಯಾರೂ ತಡೆಯಲಿಲ್ಲ. ತಿರುಗಿ ನೋಡಿದರೆ ಚೀಲಗಳು ಅನಾಥವಾಗಿ ಕಂಡವು. ವಾಪಸ್ಸು ಬಂದು ಕೂತೆ. ಆಗ ಅತ್ತುಬಿಟ್ಟೆ. ಎದುರಿಗೇ ಆ ಕೋಣೆ ಇದೆ, ಕೈಯಲ್ಲಿ ಟಿಕೆಟ್ಟಿದೆ, ಕಾಲು ಗಟ್ಟಿಯಾಗಿದೆ, ಆದರೂ ನಾನು ಕದಲಲಾರೆ. ಯಾರ ಮೇಲೆ ಸಿಟ್ಟಾಗಬೇಕೆಂದೂ ತಿಳಿಯಲಿಲ್ಲ.

ಒಂದೂಮುಕ್ಕಾಲು ಗಂಟೆಯ ನಂತರ ಎಲ್ಲರೂ ಒಟ್ಟಿಗೆ ಬಂದರು. "ಅಯ್ಯೋ ಟೀಚರ್, ಒಳಗೆ ಒಂದೇ ದಾರಿ ಕಣ್ರೀ. ಒಂದು ರೂಮಿಂದ ಇನ್ನೊಂದು ರೂಮಿಗೆ ತಳ್ಕೊಂಡೇ ಹೋಗ್ತಾರೆ, ಹಿಂದಕ್ಕೆ ಬರೋಕ್ಕೆ ಬಿಡೋದೇ ಇಲ್ಲ" ಎಂದರು ಆ ಇಬ್ಬರು. ನಿಜವೇ ಇರಬೇಕು. ಬಸ್ಸು ಹೊರಡಲು ಹತ್ತು ನಿಮಿಷವಿತ್ತು.

ಊರಿಗೆ ಬಂದ ಮೂರನೆಯ ಭಾನುವಾರ, ಬಡಾವಣೆಯ ರಾಮಮಂದಿರದ ಮಹಡಿ ಹಾಲಿನಲ್ಲಿ ಅಕ್ಕ ಒಂದು ಕಾರ್ಯಕ್ರಮ ಇಟ್ಟರು. ಪ್ರವಾಸಕ್ಕೆ ಬಾರದವರಿಗೆ ಫೋಟೋ ತೋರಿಸುವುದು, ಆಮೇಲೆ ಬಿಸಿಬೇಳೆಬಾತು. "ವಿವರಣೆ ನಮ್ಮ ಟೀಚರ್ ಕೊಡ್ತಾರೆ" ಎಂದು ಮೈಕಿನಲ್ಲಿ ಹೇಳಿ ನನ್ನ ಕೈಗೆ ಒಂದು ಕೋಲು ಕೊಟ್ಟರು. ನಾನು ವಿವರಣೆ ಕೊಟ್ಟೆ. ಚೆನ್ನಾಗಿಯೇ ಕೊಟ್ಟೆ. ವಿಯೆನ್ನಾದ ದರ್ಬಾರು, ಕನ್ನಡಿಗಳ ಹಜಾರ, ಎಲ್ಲವನ್ನೂ ನೋಡಿದವಳ ಹಾಗೆ ಹೇಳಿದೆ. ಒಂದು ಫೋಟೋದಲ್ಲೂ ನಾನಿಲ್ಲ ಅನ್ನುವುದನ್ನು ಯಾರೂ ಗಮನಿಸಲಿಲ್ಲ. ರಾಣಿಯ ಕೋಣೆ ಬಂತು. ನಾನು ಪರದೆಗೆ ಬೆನ್ನು ಮಾಡಿ, ಜನರ ಕಡೆ ತಿರುಗಿ, ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಹೇಳಿದೆ: "ಮಂಚದ ಬಲಕ್ಕೆ ಒಂದು ಗುಟ್ಟಿನ ಬಾಗಿಲಿದೆ. ರಾಣಿ ಅಲ್ಲಿಂದಲೇ ಪಾರಾಗಿದ್ದು."

ಮುಂದಿನ ಸಾಲಿನಲ್ಲಿದ್ದ ಬ್ಯಾಟರಾಯನಪುರದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡರು. "ಬಲಕ್ಕಾ? ಎಡಕ್ಕೆ ಕಾಣ್ತಿದೆಯಲ್ಲಮ್ಮಾ?"

ತಿರುಗಿ ನೋಡಿದೆ. ಹೂವಿನ ರೇಷ್ಮೆಯ ಗೋಡೆಯಲ್ಲಿ, ಮಂಚದ ಎಡಕ್ಕೆ, ಬಾಗಿಲು ಸ್ವಲ್ಪ ತೆರೆದುಕೊಂಡಿತ್ತು. ಇಪ್ಪತ್ತಾರು ವರ್ಷ ನಾನು ಮಕ್ಕಳನ್ನೆಲ್ಲ ತಪ್ಪು ಗೋಡೆಗೆ ಕಳಿಸಿದ್ದೆ.

"ಅವ್ಳಿಗೆ ಕನ್ಫ್ಯೂಸ್ ಆಯ್ತು. ಎಷ್ಟೊಂದು ಅರಮನೆ ನೋಡಿದೀವಲ್ಲ" ಎಂದರು ಅಕ್ಕ. ನನ್ನನ್ನು ಉಳಿಸಲೆಂದೇ ಹೇಳಿದ ಮಾತು. ಹೌದು ಎಂದು ನಕ್ಕಿದ್ದರೆ ಮುಗಿಯುತ್ತಿತ್ತು.

"ಇಲ್ಲ. ನಾನು ಒಂದು ಅರಮನೇನೂ ನೋಡಿಲ್ಲ. ಹೊರಗೆ ಚೀಲ ಕಾಯ್ತಾ ಕೂತಿದ್ದೆ" ಎಂದೆ. ಮೈಕು ಇತ್ತಲ್ಲ, ಕೆಳಗಿನ ಅಡುಗೆಯವರಿಗೂ ಕೇಳಿಸಿರಬೇಕು.

ಅಕ್ಕನ ಮುಖ ಸಣ್ಣದಾಯಿತು. ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಹೇಳ್ಬೇಕಿತ್ತು ಕಣೇ. ನಾವೇನ್ ನಿನ್ನ ಕಟ್ಟಿಹಾಕಿದ್ವಾ?"

ಕಟ್ಟಿಹಾಕಿರಲಿಲ್ಲ. ಆದರೆ ಹೇಳಿದ್ದಕ್ಕೆ ಎದೆ ಹಗುರವಾಗಿತ್ತು, ಬೆನ್ನು ನೆಟ್ಟಗಾಗಿತ್ತು. ಇನ್ನು ಮೇಲೆ ಬೇರೆಯ ಹೆಂಗಸು ನಾನು ಎಂದುಕೊಂಡು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತೆ.

ಅಷ್ಟರಲ್ಲಿ ಊಟಕ್ಕೆ ಕರೆದರು. ಎಲ್ಲರೂ ಎದ್ದರು. ವಿಡಿಯೋ ಮಾಡಿದ್ದವರು ಅವಸರದಲ್ಲಿ ಹೋಗುತ್ತಾ, "ಟೀಚರ್, ಒಂದ್ನಿಮಿಷ ಇದನ್ನ ನೋಡ್ಕೊಳ್ಳಿ, ಕೈ ತೊಳ್ಕೊಂಡ್ ಬರ್ತೀನಿ" ಎಂದು ತಮ್ಮ ಬ್ಯಾಗು ಚಾಚಿದರು. ನಾನು ಬೇಡ ಅನ್ನಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಕೈ ಅದರ ಪಟ್ಟಿ ಹಿಡಿದಾಗಿತ್ತು. ಅದನ್ನು ನೋಡಿ ಮಂಡಿನೋವಿನವರೂ ಕೊಟ್ಟರು. ಇನ್ನೂ ಮೂವರು ಕೊಟ್ಟರು.

ಹಾಲಿನಲ್ಲಿ ನಾನೊಬ್ಬಳೇ ಉಳಿದೆ. ಪರದೆಯ ಮೇಲಿನ ಚಿತ್ರವನ್ನು ಯಾರೂ ಆರಿಸಿರಲಿಲ್ಲ. ಬಾಗಿಲು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು, ಅದರ ಸಂದಿನಲ್ಲಿ ಏನಿದೆ ಅಂತ ಹತ್ತಿರ ಹೋಗಿ ನೋಡಬೇಕೆನ್ನಿಸಿತು. ತೊಡೆಯ ಮೇಲೆ ಐದು ಬ್ಯಾಗುಗಳಿದ್ದವು. ಎದ್ದರೆ ಬೀಳುತ್ತಿದ್ದವು.