ಡೀಸೆಂಟಾನ ಮನೆ

ಹೊಸ ಬನಿಯನ್ನಿನ ಪೊಟ್ಟಣ ಬಿಚ್ಚಿದ ಕ್ಷಣ ಒಂದು ವಾಸನೆ ಬರುತ್ತದೆ. ಬ್ಲೀಚಿಂಗ್ ಪುಡಿಯ ಕಟುತನ, ಇಸ್ತ್ರಿಯ ಆವಿ, ಅದರಡಿಯಲ್ಲಿ ಇನ್ನೂ ಆರದ ಹತ್ತಿಯ ಬೆಚ್ಚನೆಯ ಮಬ್ಬು. ಅದು ಮೂಗಿಗೆ ತಾಗಿದಾಗಲೆಲ್ಲ ನಾನು ಎಂಬತ್ತರ ದಶಕದ, ಕೊಯಮತ್ತೂರಿನ ಬಳಿಯ ನಮ್ಮ ತೋಟದ ಮನೆಯ ಜಗಲಿಗೆ ಮರಳುತ್ತೇನೆ. ಸೂಲೂರಿನ ವಾಯುಪಡೆಯ ವಿಮಾನಗಳು ತೆಂಗಿನ ತಲೆಗಳ ಮೇಲೆ ಗುಡುಗಿಕೊಂಡು ಇಳಿಯುವ ಸಂಜೆ. ತಿರುಪ್ಪೂರಿನ ಬಸ್ಸಿನಿಂದ ಇಳಿದು ಸರೋಜತ್ತೆ ಬರುತ್ತಿದ್ದಾಳೆ, ಕೂದಲಲ್ಲಿ ಹತ್ತಿಯ ನಾರು, ಸೀರೆಯ ತುಂಬ ಅದೇ ವಾಸನೆ. ಅವಳು ಅಪ್ಪನ ಕೊನೆಯ ತಂಗಿ. ಬನಿಯನ್ ಕಂಪನಿಯಲ್ಲಿ ಅವಳದು ಚೆಕ್ಕಿಂಗ್ ಕೆಲಸ: ಹೊಲಿದು ಬಂದ ಬನಿಯನ್ನುಗಳನ್ನು ಬೆಳಕಿಗೆ ಹಿಡಿದು ತೂತು, ಕಲೆ, ಬಿಟ್ಟುಹೋದ ಹೊಲಿಗೆ ಹುಡುಕಿ ಬೇರೆ ಹಾಕುವುದು. ದಿನವಿಡೀ ದೋಷ ಹುಡುಕಿ ದಣಿದು ಬಂದವಳಲ್ಲಿ ದೋಷ ಹುಡುಕಲು ನಮ್ಮ ಮನೆ ಬಾಗಿಲಲ್ಲೇ ಕಾದಿರುತ್ತಿತ್ತು. ಬಸ್ಸು ತಡವಾದರೆ ಯಾಕೆ, ಬೇಗ ಬಂದರೆ ಯಾಕೆ, ಡಬ್ಬಿಯಲ್ಲಿ ಅನ್ನ ಉಳಿದರೆ ಯಾಕೆ, ಪೂರ್ತಿ ಖಾಲಿಯಾದರೆ ಯಾರು ತಿಂದರು. ಇದನ್ನು ಅಕ್ಕರೆ ಎನ್ನುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಕಾವಲನ್ನು ಕಾವಲು ಎಂದೇ ಕರೆಯಬೇಕೆಂದು ನಾನು ಹಟ ಹಿಡಿದದ್ದು ಬಹಳ ತಡವಾಗಿ. ಕನ್ನಡದ ಅಕ್ಷರ ಕಲಿತದ್ದೂ ಅಷ್ಟೇ ತಡವಾಗಿ.

ಆ ಕಾವಲಿಗೆ ಒಂದು ಇಂಗ್ಲಿಷ್ ಪದವಿತ್ತು. ಗಿರಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದ ದೊಡ್ಡಪ್ಪ ಅದನ್ನು ಮನೆಗೆ ತಂದರು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಬೀದಿಯಲ್ಲಿ ತಮಿಳು ಆಡುತ್ತಿದ್ದ ನಮ್ಮ ಬಾಯಿಗೆ ಬರುವಷ್ಟರಲ್ಲಿ ಆ ಪದಕ್ಕೊಂದು ತಮಿಳಿನ ಬಾಲವೂ ಅಂಟಿತ್ತು: ಡೀಸೆಂಟಾನ. ಡೀಸೆಂಟಾನ ಕುಟುಂಬ, ಡೀಸೆಂಟಾನ ಬಟ್ಟೆ, ಡೀಸೆಂಟಾನ ಹುಡುಗಿ. ಕಿಟಕಿಯಲ್ಲಿ ನಿಲ್ಲುವುದು ಡೀಸೆಂಟಲ್ಲ. ಗಂಡಸರಿಗಿಂತ ಮೊದಲು ಉಣ್ಣುವುದು ಡೀಸೆಂಟಲ್ಲ. ಹೊಲದ ಕೆಲಸಕ್ಕೆ ಬರುತ್ತಿದ್ದ ರಂಗನ್‌ಗೆ ನಮ್ಮ ಹಿತ್ತಾಳೆ ಲೋಟದಲ್ಲಿ ಕಾಫಿ ಕೊಡುವುದಂತೂ ಆಗದ ಮಾತು. ಅವನ ಅಲ್ಯೂಮಿನಿಯಂ ಲೋಟ ಕೊಟ್ಟಿಗೆಯ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವನೇ ಇಳಿಸಿ, ಅವನೇ ತೊಳೆದು, ಅವನೇ ತೂಗುಹಾಕಬೇಕು. ನನ್ನ ಅಜ್ಜನ ವಯಸ್ಸಿನ ಮನುಷ್ಯನನ್ನು ಮನೆಯವರೆಲ್ಲ ಏಕವಚನದಲ್ಲಿ ಕರೆಯುತ್ತಿದ್ದೆವು, ಒಂಬತ್ತು ವರ್ಷದ ನಾನೂ. ಅಸ್ಪೃಶ್ಯತೆ ಎಂಬ ಅಸಲಿ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅದರ ಕೆಲಸವನ್ನೆಲ್ಲ ಈ ಸಣ್ಣ ವಿಶೇಷಣವೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾಡಿಮುಗಿಸುತ್ತಿತ್ತು.

ಒಂದು ಶನಿವಾರ ಶಾಲೆಗೆ ರಜೆಯಿತ್ತು. ಅತ್ತೆ ನನ್ನನ್ನು ಕಂಪನಿಗೆ ಕರೆದೊಯ್ದಳು. ಮಧ್ಯಾಹ್ನ ಬನಿಯನ್ನಿನ ಮೂಟೆಗಳ ನಡುವೆ ಅವಳೂ ಅವಳ ಗೆಳತಿ ಮಾರಾಯಿಯೂ ಎದುರುಬದುರು ಕೂತರು. ಮಾರಾಯಿ ರಂಗನ್‌ನ ಮಗಳು. ನಮ್ಮೂರ ಆಚೆಯ ದಲಿತರ ಕಾಲೊನಿಯಿಂದ ಅದೇ ಬಸ್ಸಿಗೆ ಬರುತ್ತಿದ್ದಳು. ಎರಡು ಡಬ್ಬಿಗಳು ತೆರೆದವು, ಒಂದಾದವು. ಮಾರಾಯಿಯ ಹುರುಳಿ ಗೊಜ್ಜನ್ನು ಅತ್ತೆ ಬೆರಳು ಚೀಪುತ್ತ ತಿಂದಳು. "ನಿಂ ಅತ್ತೆಗೆ ಮನೇಲಿ ಊಟ ಹಾಕೋದಿಲ್ವಾ ಕಣ್ಣು? ದಿನಾ ನನ್ನ ಡಬ್ಬಿಗೇ ಬೀಳ್ತಾಳೆ!" ಎಂದು, ನಮ್ಮ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ ‘ಕಣ್ಣು’ ಎನ್ನುತ್ತ, ಮಾರಾಯಿ ನಕ್ಕು ನನಗೂ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಆ ಹುರುಳಿಯ ಬಿಸುಪು, ಬೆಳ್ಳುಳ್ಳಿಯ ಘಾಟು, ಅವಳ ಬೆರಳಿನ ಉಪ್ಪು ನನ್ನ ನಾಲಗೆಯಲ್ಲಿ ಇನ್ನೂ ಇವೆ. ಇನ್ನೊಂದು ತುತ್ತಿಗೆ ನಾನಾಗಿಯೇ ಬಾಯಿ ತೆರೆದೆ.

ಆ ವಾರವೇ ಡಬ್ಬಿಗೆ ಅಂಟಿದ್ದ ಹುರುಳಿಯ ವಾಸನೆ ಹಿಡಿದು ದೊಡ್ಡಪ್ಪನಿಗೆ ಅನುಮಾನ ಹುಟ್ಟಿತು. ಸಂಜೆ ಜಗಲಿಯಲ್ಲಿ ಅವರು, "ಕಂಡೋರ ಡಬ್ಬಿಗೆ ಕೈ ಹಾಕೋದು ಡೀಸೆಂಟಲ್ಲ ಸರೋಜ," ಎಂದರು. ಅತ್ತೆ ಹೂ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮ ಮ್ಯಾನೇಜರ್ ಡೀಸೆಂಟಾ ಅಣ್ಣಾ?"

"ಆಮಾ, ಹೌದು ಮತ್ತೆ, ದೊಡ್ಡ ಮನುಷ್ಯರು."

"ನಿಮ್ಮನ್ನ ಎಲ್ಲರೆದುರು ಡೇಯ್ ಅಂತ ಕೂಗ್ತಾರಲ್ಲ? ಮಾರಾಯಿ ನನ್ನ ಒಂದಿನಾನೂ ಹಾಗೆ ಕರೆದಿಲ್ಲ. ಹಸಿದವರ ಮುಂದೆ ಒಬ್ಬಳೇ ಉಂಡಿಲ್ಲ. ನಂಗೆ ಗೊತ್ತಿರೋರಲ್ಲಿ ಅವಳೇ ಡೀಸೆಂಟು."

ದೊಡ್ಡಪ್ಪನ ಮುಖ ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. "ಹಾಗೆ ನಗೋದೂ ಡೀಸೆಂಟಲ್ಲ," ಎಂದು ಅವರು ಎದ್ದುಹೋದರು. ಒಂದು ಪದ ಯಾರ ಕಡೆ ನಿಲ್ಲಬೇಕೆಂಬ ಜಗಳವನ್ನು ನಾನು ಕಂಡದ್ದು ಅದೇ ಮೊದಲು. ನಾನು ಪದವನ್ನು ದೊಡ್ಡಪ್ಪನ ಕಡೆಗೇ ಬಿಟ್ಟೆ. ಅವರು ಇಂಗ್ಲಿಷ್ ಬಲ್ಲವರು.

ಆಗ ಅತ್ತೆಗೆ ಒಂದು ಸಂಬಂಧ ಕೂಡಿಬರುತ್ತಿತ್ತು. ಪಲ್ಲಡದ ಕಡೆಯ ಹುಡುಗ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗಲಿ ಎಂದಿದ್ದನಂತೆ. ಆ ಒಂದು ಮಾತಿಗೆ ಅತ್ತೆ ಒಪ್ಪಿದ್ದಳು. ಇದು ತಪ್ಪಿದರೆ ಬರುವ ಗಂಡು ಅವಳನ್ನು ಅಡುಗೆಮನೆಗೆ ಕಟ್ಟಿಹಾಕುವವನೇ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮವರಲ್ಲಿ ಹೆಣ್ಣನ್ನು ಒಪ್ಪಿಕೊಳ್ಳುವ ಮುನ್ನ ಗಂಡಿನ ಕಡೆಯ ಹಿರಿಯರೊಬ್ಬರು ಸುಳಿವು ಕೊಡದೆ ವಿಚಾರಣೆಗೆ ಬರುವ ಪದ್ಧತಿ. ಹಾಗೆ ಬಂದ ತಾತ ನಮ್ಮ ಕಾಂಗೇಯ ತಳಿಯ ಎತ್ತು ನೋಡಲು ಬಂದೆನೆಂದರು. ಕೊಟ್ಟಿಗೆಯಲ್ಲಿ ನಾನೊಬ್ಬಳೇ ಇದ್ದೆ. ಎತ್ತಿನ ಬೆನ್ನು ಸವರಿ ಕೂದಲ ಸುಳಿ ಎಲ್ಲೆಲ್ಲಿದೆ ಎಂದು ಎಣಿಸಿದರು, ತುಟಿ ಎತ್ತಿ ಹಲ್ಲು ನೋಡಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ, ಎತ್ತಿನ ಬಗ್ಗೆಯೇ ಎಂಬಂಥ ದನಿಯಲ್ಲಿ, "ಕಣ್ಣು, ನಿಂ ಅತ್ತೆ ಡೀಸೆಂಟಾನ ಹುಡುಗಿಯಾ?" ಎಂದರು.

ನನಗೆ ಪಾಠ ಬರುತ್ತಿತ್ತು. "ಇಲ್ಲ ತಾತ. ಜೋರಾಗಿ ನಗ್ತಾಳೆ. ಕಂಪನೀಲಿ ಮಾರಾಯಿ ಜೊತೆ ಒಂದೇ ಡಬ್ಬೀಲಿ ಉಣ್ತಾಳೆ."

"ಯಾವ ಮಾರಾಯಿ?"

"ನಮ್ಮ ರಂಗನ್ ಮಗಳು."

ತಾತ ನನ್ನ ತಲೆ ಸವರಿದರು. ಎತ್ತಿನ ಬೆನ್ನು ಸವರಿದ್ದ ಅದೇ ಕೈ. ನಾನೂ ತಿಂದೆನೆಂದು ಅವರಿಗೆ ಹೇಳಲಿಲ್ಲ. ಒಂಬತ್ತು ವರ್ಷಕ್ಕೇ ಆ ಪದ ನನಗೆ ಯಾವುದನ್ನು ಮುಚ್ಚಿಡಬೇಕೆಂದು ಕಲಿಸಿಬಿಟ್ಟಿತ್ತು.

ಸಂಬಂಧ ಮುರಿಯಿತು. ಮರುದಿನದಿಂದ ಅತ್ತೆ ಕಂಪನಿಗೆ ಹೋಗಲಿಲ್ಲ. ಮನೆಯಲ್ಲಿ ಆ ವಾಸನೆ ನಿಂತಿತು, ನಗುವೂ ನಿಂತಿತು. ಎರಡು ವರ್ಷದ ಬಳಿಕ ಅವಳನ್ನು ಆನೈಮಲೈ ಕಡೆಯ ತೆಂಗಿನ ತೋಟದ ಮನೆಯೊಂದಕ್ಕೆ, ಹೆಂಡತಿ ತೀರಿಹೋದವನಿಗೆ ಕೊಟ್ಟರು. ಅವನನ್ನೂ ಡೀಸೆಂಟಾನ ಮನುಷ್ಯ ಎಂದೇ ಹೇಳಿದರು.

ನಾನು ಬೆಳೆದು ನಿಘಂಟು ತೆರೆದಾಗ ಆ ಪದದ ಎದುರು ಹಲವು ಅರ್ಥಗಳು ಸಾಲಾಗಿದ್ದವು: ಮರ್ಯಾದೆಗೆ ತಕ್ಕದ್ದು, ತೃಪ್ತಿಕರವಾದದ್ದು, ಇನ್ನೊಬ್ಬರ ಬಗ್ಗೆ ಕರುಣೆಯುಳ್ಳದ್ದು. ಕೊನೆಯದು ಅತ್ತೆಯದು. ಅದಾದ ಮೇಲೆ ಎಷ್ಟೋ ವೇದಿಕೆಗಳಲ್ಲಿ ಈ ಕಥೆ ಹೇಳಿದ್ದೇನೆ. ಕೊಯಮತ್ತೂರಿನ ಬೀದಿಗಳಲ್ಲಿ 'ಡೀಸೆಂಟಾನ ಕುಟುಂಬಕ್ಕೆ ಮಾತ್ರ ಬಾಡಿಗೆಗೆ' ಎಂಬ ಫಲಕ ಕಂಡಲ್ಲೆಲ್ಲ ಒಳಗೆ ಹೋಗಿ, ಅದರ ಅರ್ಥವನ್ನು ಜಾತಿಯ ಹೆಸರು ಹಿಡಿದೇ ಬಿಡಿಸಿ ಹೇಳಿ ಎಂದು ಕೇಳಿದ್ದೇನೆ. ಆದರೆ ವೇದಿಕೆಯ ಕಥೆಯಲ್ಲಿ ತಾತನಿಗೆ ಸುದ್ದಿ ಕೊಟ್ಟವರು ಯಾರೆಂದು ಎಂದೂ ಹೇಳಲಿಲ್ಲ. ಅತ್ತೆಯ ಕೊನೆಯ ಕಾಯಿಲೆಯಲ್ಲಿ, ಅವಳ ಮಂಚದ ಅಂಚಿಗೆ ಕೂತು ಅವಳಿಗೇ ಹೇಳಿದೆ.

"ಗೊತ್ತು ಕಣೆ," ಎಂದಳು. "ಆ ಹೊತ್ತು ಕೊಟ್ಟಿಗೇಲಿ ಇನ್ಯಾರಿದ್ರು?" ಮೊಣಕೈ ಊರಿ ನನ್ನ ಕಡೆ ಹೊರಳಿದಳು. "ಮಾರಾಯಿ ಹೆಸರೂ ಹೇಳಿದ್ಯಾ?"

"ಹೇಳಿದೆ ಅತ್ತೆ."

"ನಂದು ಬಿಡು. ಮರುವಾರದಿಂದ ಅವಳಪ್ಪ ರಂಗಣ್ಣ ಕೆಲಸಕ್ಕೆ ಯಾಕೆ ಬರಲಿಲ್ಲ ಅಂತ ಒಂದಿನಾನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಇಷ್ಟು ವರ್ಷ, ತಪ್ಪುಗಳನ್ನೆಲ್ಲ ಹೆಸರು ಹಿಡಿದು ಕೂಗಿದವಳು, ಅದನ್ನು ಕೇಳಿರಲಿಲ್ಲ. ಅವರನ್ನು ದೊಡ್ಡಪ್ಪ ಯಾವ ಮಾತಾಡಿ ಕಳಿಸಿದರು, ಮಾರಾಯಿ ಆ ಬಸ್ಸು ಹತ್ತುವುದನ್ನು ಬಿಟ್ಟಳೇ, ಅವರು ಆಮೇಲೆ ಯಾವ ಊರಲ್ಲಿ ಏನು ಉಂಡರು, ನನಗೆ ಗೊತ್ತಿಲ್ಲ. ಹೇಳಬಲ್ಲವರಲ್ಲಿ ಈಗ ಅತ್ತೆಯೂ ಇಲ್ಲ. ನಮ್ಮ ಮನೆ ಇದ್ದ ಜಾಗದಲ್ಲಿ ಬನಿಯನ್ ಗೋದಾಮು ಎದ್ದಿದೆ; ಗಾಳಿ ತಿರುಗಿದಾಗ ರಸ್ತೆಯವರೆಗೂ ಆ ವಾಸನೆ ಬರುತ್ತದೆ. ಆ ವಾಸನೆಯೊಳಗೆ ನಿಂತು ನೆನಪಿಸಿಕೊಳ್ಳಲು ನನ್ನ ಬಳಿ ಇರುವುದು ಒಂದೇ ಸಾಕ್ಷಿ. ಆ ದಿನಗಳಲ್ಲೊಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಗೋಡೆಯಲ್ಲಿ ಮೊಳೆಯಿತ್ತು, ಲೋಟ ಇರಲಿಲ್ಲ. ನಾನು ಆ ಮೊಳೆಗೆ ನನ್ನ ಶಾಲೆಯ ಚೀಲ ತೂಗುಹಾಕಿ ಆಡಲು ಹೋದೆ.